ಮಗುಚದೆ ಬಿಟ್ಟ ಅರ್ಧ

"ಇನ್ನೂ ಕಾದಿಲ್ಲ ಅತ್ತೆ," ಎಂದಳು ದಿಯೆಪ್, ಮೊಣಕೈವರೆಗೆ ಹುಲ್ಲಿನ ಬಣವೆಯೊಳಗೆ ತೂರಿಸಿದ್ದ ಕೈಯನ್ನು ಹೊರಗೆಳೆಯುತ್ತ.

ಅದು ಸುಳ್ಳು. ಸಾಮಾನ್ಯ ಸುಳ್ಳಲ್ಲ, ಮೆಕಾಂಗ್ ನದಿಯ ಕವಲುಗಳೆಲ್ಲ ನಾಚಿ ಹಿಂದಕ್ಕೆ ಹರಿಯಬೇಕು, ಅಂಥ ಸುಳ್ಳು. ಅಣಬೆ ಬೆಳೆಯಲೆಂದು ಸುಣ್ಣದ ನೀರಿನಲ್ಲಿ ನೆನೆಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿದ ಆ ಭತ್ತದ ಹುಲ್ಲಿನೊಳಗೆ ಬಾತುಕೋಳಿಯ ಮೊಟ್ಟೆಯಿಟ್ಟರೆ ಬೇಯುತ್ತಿತ್ತು. ಬಾತುಕೋಳಿಯನ್ನೇ ಇಟ್ಟರೂ ಬೇಯುತ್ತಿತ್ತೆನ್ನಿ. ಬೇರೆ ಜೀವಗಳು ಸಾಯುವ ಬಿಸಿಯಲ್ಲೇ ಸುಖಪಡುವ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಒಳಗೆ ಕೂತು ಹುಲ್ಲು ಮೇಯುತ್ತಿದ್ದವು. ಆರನೆಯ ದಿನ ಬಣವೆ ಮಗುಚಿ ಅವಕ್ಕೆ ಗಾಳಿ ಕೊಡಬೇಕು. ಇಲ್ಲದಿದ್ದರೆ ನಡುವಿನ ಹುಲ್ಲು ಬೂದಿಯಂತಾಗುತ್ತದೆ, ಅದರ ಮೇಲೆ ಅಣಬೆ ಏಳುವುದಿಲ್ಲ. ಇವತ್ತಿಗೆ ಎಂಟನೆಯ ದಿನ.

ಹುಲ್ಲು ಇಳಿಸಿ ಹೋದ ದೋಣಿಯ ಲಾಮ್, "ಮಗುಚೋಕೆ ಇಬ್ಬರು ಬೇಕಲ್ವಾ? ಆರನೇ ದಿನ ನಾನೇ ಬರ್ತೀನಿ," ಎಂದಿದ್ದ. ಅಷ್ಟೇ ಮಾತು. ಗಂಡ ಸತ್ತ ನಾಲ್ಕು ವರ್ಷದಲ್ಲಿ 'ಇಬ್ಬರು' ಎಂಬ ಮಾತನ್ನು ದಿಯೆಪ್‌ಳ ಎದುರು ಯಾರೂ ಆಡಿರಲಿಲ್ಲ.

ಅತ್ತೆ ತಾಮ್ ಎಲೆಯಡಿಕೆ ಉಗುಳಿ ಹತ್ತಿರ ಬಂದಳು. ಕಾಲುವೆಯಾಚೆಯ ಮನೆಯಲ್ಲಿ ಅನ್ನ ಸೀದರೆ ಈಚೆ ದಡದಿಂದಲೇ ನೋಡಿ ಹೇಳುವ ಕಣ್ಣು ಅವಳದು.

"ಕಾಯದೇ ಇರೋ ಬಣವೆ ಕೈನ ಹಿಂಗೆ ಬೆಂದ ಸೀಗಡಿ ಮಾಡುತ್ತಾ?"

ದಿಯೆಪ್ ಅಂಗಿಯ ತೋಳನ್ನು ಕೆಳಗೆಳೆದುಕೊಂಡಳು. "ಬಿಸಿಲಿಗೆ..."

"ಬಿಸಿಲು ಒಂದೇ ಕೈಗೆ ಬಿತ್ತೇನೇ? ತಗೋ ಕವೆಗೋಲು."

ಪ್ಲಾಸ್ಟಿಕ್ ತೆಗೆದದ್ದೇ ತಡ, ಊರನ್ನೇ ಮುಚ್ಚುವಷ್ಟು ಹಬೆ ಎದ್ದಿತು. ಇಬ್ಬರೂ ಎದುರುಬದುರು ನಿಂತು ಹೊರಗಿನದನ್ನು ಒಳಗೆ, ಒಳಗಿನದನ್ನು ಹೊರಗೆ ಹಾಕತೊಡಗಿದರು. ನಡುವಿನ ಹುಲ್ಲು ಬೆಳ್ಳಗೆ ಪುಡಿಯಾಗಿತ್ತು.

"ಅವನು ಬರ್ತೀನಿ ಅಂದಿದ್ದು ಯಾವತ್ತು?"

"ಯಾರು?"

"ನಿನ್ನ ಮಾವ! ಗೋರಿಯಿಂದ ಎದ್ದು ಬರ್ತೀನಿ ಅಂದಿದ್ರಲ್ಲ!"

ದಿಯೆಪ್ ಇನ್ನೊಂದು ಹಿಡಿ ಹುಲ್ಲು ಮಗುಚಿದಳು. "ಆರನೇ ದಿನ ಅಂದಿದ್ರು."

ತಾಮ್ ತಾನು ನಿಂತಿದ್ದ ಬದಿಯ ಹುಲ್ಲಿಗೆ ಕವೆಗೋಲು ಚುಚ್ಚಿದಳು. ಪ್ರತಿ ಸುಗ್ಗಿಯಲ್ಲೂ ಬಣವೆಯ ಆ ಬದಿಗೆ ನಿಲ್ಲುತ್ತಿದ್ದವನು ಅವಳ ಮಗ. ಅರ್ಧ ಬಣವೆ ಮುಗಿದಾಗ ಕವೆಗೋಲು ಕೆಳಗಿಟ್ಟಳು.

"ನನ್ನ ಸೊಂಟ ಬಿದ್ದೋಯ್ತು," ಎಂದಳು. ನಿನ್ನೆಯಷ್ಟೇ ಅಕ್ಕಿಮೂಟೆಯನ್ನು ಮಗುವಿನಂತೆ ಎತ್ತಿ ತಂದ ಸೊಂಟ ಅದು. "ಈ ಅರ್ಧ ನಾಳೆ ಸಂಜೆವರೆಗೂ ಇರಲಿ."

"ಇದೂ ಬೂದಿಯಾದ್ರೆ, ಅತ್ತೆ?"

"ಆಗಲಿ ಬಿಡು. ನಾನೇನು ಅಣಬೆ ತಿಂದೇ ಇಷ್ಟು ವರ್ಷ ಬದುಕಿದ್ನಾ?" ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲಿಟ್ಟು ಒಳಗೆ ಹೋದಳು.

ಕಾಲುವೆಯ ತಿರುವಿನಲ್ಲಿ ಎಂಜಿನ್ ಸದ್ದಾಯಿತು. ಹುಲ್ಲು ತುಂಬಿದ ದೋಣಿಯೊಂದು ಬಂತು. ಚುಕ್ಕಾಣಿ ಹಿಡಿದವನು ಲಾಮ್ ಅಲ್ಲ, ಬೇರೆ ಯಾರೋ. ಅದು ದಾಟಿಹೋದ ಮೇಲೆ ಅಲೆ ನಿಧಾನವಾಗಿ ಬಂದು ಮನೆಯ ಮೆಟ್ಟಿಲನ್ನು ಮುಟ್ಟಿತು, ಸರಿಯಿತು, ಮತ್ತೆ ಮುಟ್ಟಿತು.