ನಲವತ್ತೊಂದು ಅಡಿಯಲ್ಲಿ ನೀರು

ಟೇಪಿನ ತುದಿಯ ಸೀಸದ ಗುಂಡು ಕೊಳವೆಬಾವಿಯೊಳಗೆ ಅರವತ್ತು ಅಡಿ ದಾಟಿತ್ತು. ಪಂಪಕ್ಕ ಹಿಡಿತ ಸಡಿಲಿಸಿ ಒಂದೊಂದೇ ಅಡಿ ಬಿಡುತ್ತಾ ಕೊಳವೆಯ ಬಾಯಿಗೆ ಕಿವಿ ಹಚ್ಚಿದಳು. ಗುಂಡು ನೀರಿಗೆ ತಾಗಿದಾಗ ಆಳದಲ್ಲಿ ಯಾರೋ ಲೊಚಗುಟ್ಟಿದಂತೆ ಸದ್ದು ಬರುತ್ತದೆ. ಬಂತು. ಇನ್ನೂ ಸ್ವಲ್ಪ ಇಳಿಸಿ, ಎಪ್ಪತ್ತರ ಗುರುತನ್ನು ಕೊಳವೆಯ ಅಂಚಿಗೆ ಸರಿಯಾಗಿ ಹಿಡಿದು ನೋಡಿ, ಟೇಪನ್ನು ಎಳೆದು ಸುತ್ತತೊಡಗಿದಳು. ತುದಿಯ ಹತ್ತು ಅಡಿಗೆ ಮೊದಲೇ ಸೀಮೆಸುಣ್ಣ ತಿಕ್ಕಿರುತ್ತಾಳೆ; ನೀರಲ್ಲಿ ಮುಳುಗಿದಷ್ಟು ಭಾಗ ಕಪ್ಪಾಗಿ ಮೇಲೆ ಬರುತ್ತದೆ. ಇವತ್ತು ಐದು ಅಡಿ ಕಪ್ಪಾಗಿತ್ತು. ಎಪ್ಪತ್ತರಲ್ಲಿ ಐದು ಹೋದರೆ ಅರವತ್ತೈದು. ಅಂದರೆ ನೆಲದಿಂದ ಅರವತ್ತೈದು ಅಡಿ ಕೆಳಗೆ ನೀರು.

ಹದಿನಾಲ್ಕು ವರ್ಷಗಳಿಂದ ಊರಿಗೆ ನೀರು ಬಿಡುವ ಕೆಲಸ ಅವಳದು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ಸಿಟ್ಟು ಬಂದಾಗ ಅತ್ತೆ ಕೂಡ ‘ಏ ಪಂಪಕ್ಕಾ’ ಅನ್ನುತ್ತಾರೆ. ರಾತ್ರಿ ಒಂಬತ್ತಕ್ಕೆ ಮೋಟಾರು ನಿಲ್ಲಿಸಬೇಕು, ಬೆಳಗಿನ ಐದಕ್ಕೆ, ಮೋಟಾರು ಹಾಕುವ ಮುಂಚೆ, ಅಳತೆ ತೆಗೆಯಬೇಕು. ಎಂಟು ಗಂಟೆ ದಣಿವಾರಿಸಿಕೊಂಡ ಬಾವಿಯ ಅಳತೆಯೇ ಅಳತೆ. ಇದರಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಅಳತೆ ಪುಸ್ತಕದ ಕೊನೆಯ ಕಲಂನಲ್ಲಿ ಅದರ ಕಾರಣ ಹೇಳಿ ಷರಾ ಬರೆಯಬೇಕು. ಕೆಲಸಕ್ಕೆ ಸೇರಿದ ದಿನವೇ ಹಳೆಯ ಪಂಪಿನವನು ಕಲಿಸಿದ್ದು ಇಷ್ಟೇ. ಅವಳೂ ಇಷ್ಟನ್ನು ತಪ್ಪದೆ ಮಾಡಿಕೊಂಡು ಬಂದಿದ್ದಳು.

ಮೋಟಾರು ಹಾಕಿ ತಿರುಗಿದರೆ ಬಾಗಿಲಲ್ಲಿ ಮೇಷ್ಟ್ರು. ಶಾಲೆ ಬಿಟ್ಟು ಆರು ವರ್ಷವಾದರೂ ಊರಿಗೆಲ್ಲ ಅವರು ಮೇಷ್ಟ್ರೇ. ಕಂಕುಳಲ್ಲಿ ದಪ್ಪನೆಯ ಕಾಗದದ ಕಟ್ಟು.

“ಇಷ್ಟು ಹೊತ್ತಿಗೆ ಎದ್ದಿದ್ದೀರಾ ಮೇಷ್ಟ್ರೇ?”

“ಮಲಗಿದ್ರೆ ತಾನೇ ಏಳೋದು? ರಾತ್ರಿಯೆಲ್ಲ ಇದನ್ನೇ ಓದಿದೆ. ಚೆಂಡು ಸಾಹುಕಾರನ ವರದಿ. ಇನ್ನೂರ ಅರವತ್ತು ಪುಟ. ಚೆಂಡು ಹೊಡೆಯೋಕೆ ಇಷ್ಟು ಓದಿರಬೇಕು ಅಂತ ನನಗೆ ಗೊತ್ತಿರಲಿಲ್ಲ ಕಣಮ್ಮ.”

ಗುಡ್ಡದ ಇಳಿಜಾರಿನ ನಾನೂರು ಎಕರೆಯಲ್ಲಿ ಗಾಲ್ಫ್ ರೆಸಾರ್ಟ್ ಕಟ್ಟಲು ಹೊರಟ ಶ್ರೀಮಂತನಿಗೆ ಊರು ಇಟ್ಟ ಹೆಸರು ಅದು. ನಾಳೆ ಹತ್ತು ಗಂಟೆಗೆ ಶಾಲೆಯ ಸಭಾಂಗಣದಲ್ಲಿ ಜನರ ಅಭಿಪ್ರಾಯ ಕೇಳುವ ಸಭೆ. ಬೇಡ ಅನ್ನುವವರ ಮುಂದಾಳು ಈ ಮೇಷ್ಟ್ರು.

ಅವರು ಒಂದು ಪುಟ ಬಿಡಿಸಿ ಬೆರಳಿಟ್ಟರು. “ಈ ಸಹಿ ನಿಂದೇನಾ?”

ಪಂಪಕ್ಕ ಬಲ್ಬಿನ ಕೆಳಗೆ ಹಿಡಿದು ನೋಡಿದಳು. ಅವಳದೇ, ಬಾಲ ಉದ್ದ ಎಳೆದ ಸಹಿ. “ನಂದೇ.”

“ಕಡುಬೇಸಿಗೆಯಲ್ಲೂ ಊರಿನ ಬಾವಿಯಲ್ಲಿ ನಲವತ್ತೊಂದೇ ಅಡಿಗೆ ನೀರು ಅಂತ ಇದೆ. ಊರು ದಿನಾ ಎತ್ತಿದರೂ ಇಷ್ಟು ಮೇಲಿದೆ, ಆದ್ದರಿಂದ ಪಕ್ಕದಲ್ಲೇ ಆರು ಬಾವಿ ಕೊರೆದು ದಿನಕ್ಕೆ ಹತ್ತು ಲಕ್ಷ ಲೀಟರ್ ಹುಲ್ಲಿಗೆ ಬಿಟ್ಟರೂ ತೊಂದರೆ ಇಲ್ಲ ಅಂತ ಬರೆದಿದ್ದಾರೆ.” ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಬೇರೆ ಯಾರಾದರೂ ಬರೆದಿದ್ದರೆ ಸುಳ್ಳು ಅಂತ ಕೂಗಾಡ್ತಿದ್ದೆ. ನೀನು ಬರೆದದ್ದು. ನಿನ್ನ ಅಂಕಿ ಸುಳ್ಳಾಗಲ್ಲ. ಇನ್ನು ನಮಗೆ ವಾದಕ್ಕೆ ಉಳಿದಿರೋದು ಹಕ್ಕಿ, ಮರ ಅಷ್ಟೇ. ಹಕ್ಕಿ ಮಾತು ಯಾರು ಕೇಳ್ತಾರೆ ಹೇಳು?”

ಅವರು ಹೋದ ಮೇಲೂ ಪಂಪಕ್ಕ ನಿಂತಲ್ಲೇ ನಿಂತಿದ್ದಳು. ನಲವತ್ತೊಂದು? ಎರಡು ಹದ ಮಳೆ ಬಿದ್ದ ಮೇಲೆ ಇವತ್ತು ಅರವತ್ತೈದು ಇರುವ ನೀರು ಬೇಸಿಗೆಯಲ್ಲಿ ನಲವತ್ತೊಂದಕ್ಕೆ ಹೇಗೆ ಬಂದಿತ್ತು?

ಪುಸ್ತಕ ತೆಗೆದು ನಾಲ್ಕು ತಿಂಗಳು ಹಿಂದಕ್ಕೆ ಮಗುಚಿದಳು. ಎಪ್ಪತ್ತೊಂದು, ಎಪ್ಪತ್ತೆರಡು, ಎಪ್ಪತ್ತೆರಡು. ಆಮೇಲೆ ಮೂರು ದಿನ ಬರಿದು. ನಾಲ್ಕನೆಯ ದಿನ ನಲವತ್ತೊಂದು. ಷರಾ ಕಲಂನಲ್ಲಿ ಏನೂ ಇಲ್ಲ.

ಮೋಟಾರು ಸುಟ್ಟುಹೋಗಿದ್ದ ವಾರ ಅದು. ನಾಲ್ಕು ದಿನ ಬಾವಿಯಿಂದ ಒಂದು ಚೊಂಬು ನೀರೂ ಮೇಲೆ ಬಂದಿರಲಿಲ್ಲ; ಊರೆಲ್ಲ ಟ್ಯಾಂಕರಿನ ಹಿಂದೆ ಓಡಿತ್ತು. ಆ ಗಡಿಬಿಡಿಯಲ್ಲಿ ಮೂರು ದಿನ ಅವಳಿಗೂ ಅಳತೆ ತೆಗೆಯಲಾಗಿರಲಿಲ್ಲ. ಯಾರೂ ಮುಟ್ಟದ ನೀರು ತನ್ನಷ್ಟಕ್ಕೆ ಏರಿ ಕೂತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಸಾಹುಕಾರನ ಕಡೆಯಿಂದ ಅಳತೆಯ ಹುಡುಗಿ ಬಂದಿದ್ದಳು. ಅಗಲ ಅಂಚಿನ ಟೊಪ್ಪಿ, ಬಾಯ್ತುಂಬ ನಗು. ‘ಇಷ್ಟು ಅಚ್ಚುಕಟ್ಟಾದ ಪುಸ್ತಕ ನಾನು ಎಲ್ಲೂ ನೋಡಿಲ್ಲ ಅಕ್ಕಾ’ ಅಂದಿದ್ದಳು. ಹದಿನಾಲ್ಕು ವರ್ಷದಲ್ಲಿ ಆ ಪುಸ್ತಕದ ಬಗ್ಗೆ ಒಳ್ಳೆಯ ಮಾತಾಡಿದ ಮೊದಲ ಜೀವ. ಪಂಪಕ್ಕ ಉಬ್ಬಿಹೋಗಿ, ಅಳತೆ ತೆಗೆದು, ಅವಳು ಕೊಟ್ಟ ನಮೂನೆಯಲ್ಲಿ ತುಂಬಿ ಸಹಿ ಹಾಕಿದ್ದಳು. ಆ ನಮೂನೆಯಲ್ಲಿ ಇದ್ದದ್ದು ಮೂರೇ ಕಲಂ: ತಾರೀಖು, ಹೊತ್ತು, ಅಡಿ. ಆಮೇಲೆ ಅದನ್ನು ನೋಡಿಕೊಂಡು ತನ್ನ ಪುಸ್ತಕಕ್ಕೆ ನಕಲು ಮಾಡಿದ್ದಳು. ಅಲ್ಲಿಲ್ಲದ ಷರಾ ಇಲ್ಲಿಗೂ ಬರಲಿಲ್ಲ.

ಮೋಟಾರು ಸುಟ್ಟದ್ದು ಊರಿಗೆಲ್ಲ ಗೊತ್ತು. ತಾರೀಖು ಮಾತ್ರ ಯಾರ ತಲೆಯಲ್ಲೂ ಇಲ್ಲ.

ಏಳಕ್ಕೆ ವಾಲ್ವ್ ತಿರುಗಿಸುವ ಉದ್ದನೆಯ ಕೀಲಿಯನ್ನು ಹೆಗಲಿಗೇರಿಸಿ ಹೊರಟಳು. ಮೊದಲು ಮೇಲಿನ ಬೀದಿ, ಆಮೇಲೆ ಅಂಗಡಿ ಬೀದಿ, ಕೊನೆಗೆ ತಗ್ಗಿನ ಬೀದಿ. ಬೀದಿಗೊಂದು ವಾಲ್ವು, ಬೀದಿಗೊಂದು ಅಭಿಪ್ರಾಯ.

ಅಂಗಡಿ ಬೀದಿಯಲ್ಲಿ ಕ್ಷೌರದಂಗಡಿಯವನು ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚುತ್ತಲೇ ಕೂಗಿದ. “ಪಂಪಕ್ಕಾ, ನಾಳೆ ನೀನು ಯಾವ ಕಡೆ?”

“ನಾನು ನಲ್ಲಿ ಕಡೆ.”

“ಹಾಗಂದ್ರೆ ಆಗಲ್ಲ. ನಾನಂತೂ ಬೇಕು ಅನ್ನೋನೇ. ಈ ಊರಲ್ಲಿ ತಲೆ ಇರೋರು ಕಮ್ಮಿ, ಕೂದಲಿರೋರು ಇನ್ನೂ ಕಮ್ಮಿ. ಹೊರಗಿನೋರು ಬಂದ್ರೆ ಎರಡು ಕುರ್ಚಿ ಜಾಸ್ತಿ ಹಾಕ್ತೀನಿ.”

ನೊರೆಯೊಳಗಿನಿಂದ ಗಿರಾಕಿ ಮಾತಾಡಿದ. “ಅವರು ನಿನ್ನ ಹತ್ರ ಬರ್ತಾರಾ? ಕ್ಷೌರದವನನ್ನೂ ಜೊತೇಲೇ ಕರ್ಕೊಂಡು ಬರ್ತಾರೆ.”

“ಸುಮ್ನಿರಪ್ಪ, ಕತ್ತಿ ನನ್ನ ಕೈಲಿದೆ.”

ತಗ್ಗಿನ ಬೀದಿಯಲ್ಲಿ ನಗು ಇರಲಿಲ್ಲ. ಬೀದಿಯ ಕೊನೆಗೆ ನೀರು ಯಾವಾಗಲೂ ಸಣ್ಣಗೆ ಬರುತ್ತದೆ. ಇಸ್ತ್ರಿಯವಳು ಕೊಡ ಕುಕ್ಕಿ ನಿಂತಿದ್ದಳು.

“ಚೆಂಡು ಬೀಳಿಸೋ ಹದಿನೆಂಟು ತೂತಿಗೆ ನಾನೂರು ಎಕರೆಯಂತೆ. ನಮ್ಮ ಬಚ್ಚಲಿಗೆ ಇರೋದು ಒಂದೇ ತೂತು, ಅದನ್ನ ತೊಳೆಯೋಕೆ ನೀರಿಲ್ಲ.” ಆಮೇಲೆ ಕಣ್ಣು ಕಿರಿದು ಮಾಡಿದಳು. “ನಿನಗೇನು ಬಿಡು. ಮಗಳನ್ನ ಆಗಲೇ ಒಳಗೆ ಸೇರಿಸಿದ್ದೀಯ. ಗಂಟಲೊಣಗೋದು ನಮಗೆ.”

“ನಾನು ಸೇರಿಸಿದ್ದಲ್ಲ. ಅವಳೇ ಅರ್ಜಿ ಹಾಕಿ ಸೇರಿದ್ದು.”

“ಆಯ್ತಮ್ಮ. ನಾನೇನು ತಪ್ಪು ಅಂದ್ನಾ?”

ಪಂಪಕ್ಕ ಕೀಲಿಯನ್ನು ಅರ್ಧ ಸುತ್ತು ಹೆಚ್ಚಿಗೆ ತಿರುಗಿಸಿದಳು.

ಪಂಪಕ್ಕನ ಗಂಡ ತೀರಿಹೋದ ಮೇಲೆ ಮಗಳು ಹನ್ನೊಂದು ಗಂಟೆ ರೈಲು ದಾರಿಯ ಊರಿಗೆ ಹೋಟೆಲ್ ಕೆಲಸಕ್ಕೆ ಹೋಗಿದ್ದಳು. ಮೂರು ವರ್ಷ ಒಂದು ಕೋಣೆಯಲ್ಲಿ ಆರು ಜನ. ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಅನ್ನುವ ದನಿ ತಿಂಗಳು ತಿಂಗಳಿಗೆ ತೆಳ್ಳಗಾಗುತ್ತಾ ಬಂದಿತ್ತು. ಎರಡು ತಿಂಗಳ ಹಿಂದೆ ಪೆಟ್ಟಿಗೆ ಸಮೇತ ಬಂದು ಬಾಗಿಲಲ್ಲಿ ನಿಂತಳು. ರೆಸಾರ್ಟಿನವರು ಸ್ವಾಗತದ ಮೇಜಿಗೆ ಆರಿಸಿಕೊಂಡಿದ್ದರು. ಸರ್ಕಾರದ ಒಪ್ಪಿಗೆ ಸಿಗುವವರೆಗೆ ತರಬೇತಿ, ಸಿಕ್ಕ ಮೇಲೆ ಕೆಲಸ. ಆವತ್ತಿನಿಂದ ಮನೆಯಲ್ಲಿ ದಿನಾ ಜಗಳ, ನಗು, ಬಾತ್‌ರೂಮಿನ ಬಾಗಿಲು ಬಡಿಯುವ ಸದ್ದು. ಪಂಪಕ್ಕ ಅದನ್ನು ಕೇಳಿಸಿಕೊಳ್ಳುತ್ತಾ ಅಡುಗೆಮನೆಯಲ್ಲಿ ಸುಮ್ಮನೆ ನಿಲ್ಲುವುದಿತ್ತು.

ಹನ್ನೊಂದಕ್ಕೆ ಪುಸ್ತಕ ಹಿಡಿದು ನೀರು ಸರಬರಾಜಿನ ಇಂಜಿನಿಯರರ ಕಚೇರಿಗೆ ಹೋದಳು. ಕೆಟ್ಟ ಮನುಷ್ಯನಲ್ಲ. ಸುಟ್ಟ ಮೋಟಾರಿಗಾಗಿ ಬಿಸಿಲಲ್ಲಿ ನಿಂತು ತಾನೂ ಬೆವರು ಸುರಿಸಿದ್ದವರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಪುಟ ನೋಡಿದರು. ಎದ್ದುಹೋಗಿ ಬಾಗಿಲು ಹಾಕಿ ಬಂದರು.

“ಯಾರಿಗಾದರೂ ಹೇಳಿದ್ದೀಯಾ?”

“ಇಲ್ಲ ಸಾರ್. ಷರಾ ಈಗ ಬರೆದುಬಿಡ್ಲಾ?”

“ಹುಚ್ಚಾ ನಿನಗೆ? ನಾಲ್ಕು ತಿಂಗಳ ಮೇಲೆ ಬರೆದರೆ ಅದು ತಿದ್ದಿದ ದಾಖಲೆ. ಇಬ್ಬರ ಕೆಲಸವೂ ಹೋಗುತ್ತೆ.” ದನಿ ತಗ್ಗಿಸಿದರು. “ನಿನ್ನ ಸಹಿ ಕೆಳಗೆ ನಂದೂ ಇದೆ ಕಣಮ್ಮ. ಕಣ್ಣುಮುಚ್ಚಿ ಹಾಕಿದೆ, ನಿನ್ನ ಅಂಕಿ ಅಂತ.”

ಅದೇ ಮಾತು ಎರಡನೆಯ ಸಲ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

“ನೀರು ಸಾಕಾಗಲ್ಲ ಸಾರ್. ಈಗಲೇ ಬೇಸಿಗೇಲಿ ಎಪ್ಪತ್ತೆರಡಕ್ಕೆ ಹೋಗುತ್ತೆ. ನಮ್ಮ ಪಂಪು ಕೂತಿರೋದು ತೊಂಬತ್ತಕ್ಕೆ.”

“ನನಗೆ ಗೊತ್ತಿಲ್ವಾ?” ಅವರು ಕಿಟಕಿಯ ಕಡೆ ನೋಡಿದರು. “ನಿನ್ನ ಮಗಳು ತರಬೇತಿಗೆ ಹೋಗ್ತಿದ್ದಾಳಲ್ವಾ? ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ.”

“ಚೆನ್ನಾಗಿರಲಿ.” ಪುಸ್ತಕವನ್ನು ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡರು. “ಇದು ಇಲ್ಲಿರಲಿ. ನಾಳೆ ಸಭೆ ಮುಗಿದ ಮೇಲೆ ತಗೊಂಡು ಹೋಗು.” ಮೇಜಿನ ಖಾನೆಯೊಳಗೆ ಇಟ್ಟು ಬೀಗ ಹಾಕಿದರು.

ಸಂಜೆ ಮನೆಗೆ ಬಂದರೆ ಮಗಳು ಕನ್ನಡಿಯ ಮುಂದೆ ನಿಂತಿದ್ದಳು. ಮೈಮೇಲೆ ಕಡುನೀಲಿ ಕೋಟು, ಎದೆಯ ಮೇಲೆ ದಾರದಲ್ಲಿ ನೇಯ್ದ ಪುಟ್ಟ ಚೆಂಡು. ಅತ್ತೆ ಮಂಚದ ಮೇಲೆ ಕಾಲು ನೀಡಿ ಕೂತು ನೋಡುತ್ತಿದ್ದರು.

“ಯೂನಿಫಾರ್ಮ್ ಕೊಟ್ರಮ್ಮ! ಸೊಂಟದ ಹತ್ರ ಜೋಲಾಡ್ತಿದೆ, ಸ್ವಲ್ಪ ಹಿಡಿದು ಹೊಲಿದುಕೊಡು.”

“ಅದರೊಳಗೆ ಇನ್ನೊಬ್ಬಳು ಹಿಡೀತಾಳೆ,” ಅಂದರು ಅತ್ತೆ. “ಊಟ ಮಾಡು ಅಂದ್ರೆ ಮಾಡಲ್ಲ. ಕೋಟನ್ನ ಯಾಕೆ ಚಿಕ್ಕದು ಮಾಡ್ತೀಯ, ನೀನೇ ದೊಡ್ಡೋಳಾಗು.”

“ಅಜ್ಜೀ! ನಾಳೆಗೆ ಬೇಕು ಇದು. ತರಬೇತಿಯವರೆಲ್ಲ ಇದನ್ನೇ ಹಾಕಿಕೊಂಡು ಸಭೆಗೆ ಬರಬೇಕಂತೆ. ಮೊದಲನೇ ಸಾಲಲ್ಲಿ ಕೂರಿಸ್ತಾರೆ.”

ಪಂಪಕ್ಕ ಸೂಜಿಗೆ ದಾರ ಪೋಣಿಸುತ್ತಿದ್ದಳು. ದಾರ ಕಣ್ಣು ತಪ್ಪಿತು. “ನೀನು ಮಾತಾಡ್ಬೇಕಾ?”

“ಇಲ್ಲಮ್ಮ, ಸುಮ್ನೆ ಕೂರೋದು. ಮಾತಾಡೋರು ಒಂಬತ್ತೂವರೆ ಒಳಗೆ ಬಾಗಿಲಲ್ಲಿ ಹೆಸರು ಬರೆಸಬೇಕಂತೆ. ಆಮೇಲೆ ಬಂದ್ರೆ ಮೈಕ್ ಕೊಡಲ್ವಂತೆ. ನೀನು ಬರ್ತೀಯಲ್ಲ? ನಿನ್ನ ಅಂಕೀನ ದೊಡ್ಡ ಪರದೆ ಮೇಲೆ ಹಾಕ್ತಾರಂತೆ. ನಮ್ಮಮ್ಮ ಬರೆದಿದ್ದು ಅಂತ ಎಲ್ರಿಗೂ ಹೇಳಿಟ್ಟಿದ್ದೀನಿ.”

ಈ ಸಲ ದಾರ ಸೂಜಿಯೊಳಗೆ ಹೋಯಿತು. ಮಗಳ ಹಿಂದೆ ಮೊಣಕಾಲೂರಿ ಕೂತು ಕೋಟಿನ ಬಟ್ಟೆಯನ್ನು ಎರಡೂ ಕಡೆ ಹಿಡಿದು ನೋಡಿದಳು. ಬಟ್ಟೆಯ ಒಳಗಿನಿಂದ ಸೊಂಟದ ಮೂಳೆ ಕೈಗೆ ತಾಗಿತು. ಮಗಳು ಬಂದ ಮೊದಲ ವಾರಕ್ಕಿಂತ ಪರವಾಗಿಲ್ಲ, ಆದರೂ ತಾಗುತ್ತಿತ್ತು.

ಸುಮ್ಮನಿದ್ದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಯಾರೂ ಅವಳನ್ನು ಕೇಳುವುದಿಲ್ಲ. ಎರಡು ಬೇಸಿಗೆ, ಹೆಚ್ಚೆಂದರೆ ಮೂರು. ಆಮೇಲೆ ಒಂದು ಬೆಳಿಗ್ಗೆ ಪಂಪು ಗಾಳಿ ಎಳೆಯುತ್ತದೆ; ಅವಳು ಕೀಲಿ ಹೊತ್ತು ತಗ್ಗಿನ ಬೀದಿಗೆ ಹೋಗಿ, ಏನೂ ಬರದ ನಲ್ಲಿಯ ಮುಂದೆ ಇಸ್ತ್ರಿಯವಳ ಮುಖ ನೋಡಬೇಕು. ಮಾತಾಡಿದರೆ ಏನಾಗುತ್ತದೆಂಬುದೂ ಗೊತ್ತಿತ್ತು. ಪೆಟ್ಟಿಗೆ ಮತ್ತೆ ಅಟ್ಟದಿಂದ ಇಳಿಯುತ್ತದೆ. ರೈಲು. ಒಂದು ಕೋಣೆ, ಆರು ಜನ. ಮೊದಲ ಸಾಲಿನಲ್ಲಿ ಕೂತವಳು ಹಿಂದಿರುಗಿ ತನ್ನನ್ನು ನೋಡುವ ಆ ಒಂದು ನೋಟವನ್ನು ಅವಳು ಎಷ್ಟು ಬೇಡವೆಂದರೂ ಈಗಲೇ ಕಂಡುಬಿಟ್ಟಳು.

“ಅಮ್ಮಾ, ಎಷ್ಟೊತ್ತು? ಕಾಲು ನೋಯ್ತಿದೆ.”

“ಬಿಚ್ಚಿಕೊಡು. ಕೂತು ಹೊಲೀತೀನಿ.”

ದೀಪದ ಹತ್ತಿರ ಕೂತು ಹೊಲಿದಳು. ಒಂದೇ ದಿನಕ್ಕಾದರೆ ಕಚ್ಚಾ ಹೊಲಿಗೆ ಸಾಕಿತ್ತು. ಅವಳು ಚಿಕ್ಕ ಚಿಕ್ಕ ಹೊಲಿಗೆ ಹಾಕಿದಳು, ಹೋದ ದಾರಿಯಲ್ಲೇ ಮತ್ತೆ ವಾಪಸು ಬಂದು ಇನ್ನೊಂದು ಸಾಲು ಹಾಕಿದಳು. ಮಗಳು ಹಾಕಿ ನೋಡಿ, ಅಜ್ಜಿಯ ಮುಂದೆ ಒಂದು ಸುತ್ತು ತಿರುಗಿ, ಯಾರಿಗೋ ಫೋನ್ ಮಾಡಲು ಹೊರಗೆ ಓಡಿದಳು.

ಪಂಪಕ್ಕ ಗಡಿಯಾರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ತಗ್ಗಿನ ಬೀದಿಯ ವಾಲ್ವು ಮುಚ್ಚುವ ಹೊತ್ತಿಗೆ ದಿನಾ ಒಂಬತ್ತೂವರೆ ದಾಟಿರುತ್ತದೆ. ಶಾಲೆಯ ಬಾಗಿಲಿಗೆ ಅಷ್ಟರೊಳಗೆ ಹೋಗಿ ನಿಲ್ಲಬೇಕಾದರೆ ಎಲ್ಲವನ್ನೂ ಅರ್ಧ ಗಂಟೆ ಮುಂಚೆ ಶುರು ಮಾಡಬೇಕು. ಮೋಟಾರು ಸುಟ್ಟಿತ್ತು, ಬಾವಿ ನಾಲ್ಕು ದಿನ ಸುಮ್ಮನಿತ್ತು, ಷರಾ ಬರೆಯದೆ ಬಿಟ್ಟವಳು ನಾನು. ಮೂರೇ ಮಾತು. ಪುಸ್ತಕ ಇಲ್ಲದಿದ್ದರೂ ಹೇಳಬಹುದು. ಅಲಾರಂ ಮುಳ್ಳನ್ನು ನಾಲ್ಕೂವರೆಯಿಂದ ನಾಲ್ಕಕ್ಕೆ ತಿರುಗಿಸಿದಳು.

“ಇಷ್ಟು ಬೇಗ ಯಾಕೆ?” ಮಂಚದಿಂದ ಅತ್ತೆ ಕೇಳಿದರು. ಅವರ ಕಣ್ಣು ಮಂಜಾಗಿದ್ದರೂ ಕಿವಿ ಮುಳ್ಳಿನ ಕಿರಕಿರ ಹಿಡಿಯುತ್ತಿತ್ತು.

“ಮೇಲಿನ ಬೀದಿಯವರಿಗೆ ನಾಳೆ ಬೇಗ ನೀರು ಬೇಕಂತೆ,” ಅಂದಳು ಪಂಪಕ್ಕ. ನೆಲದ ಮೇಲೆ ಬಿದ್ದಿದ್ದ ನೀಲಿ ದಾರದ ತುಣುಕುಗಳನ್ನು ಆರಿಸಿಕೊಂಡು ಒಳಗೆ ಹೋದಳು.