ಗೂಡಿನೊಳಗಿನ ಸೋಮಾರಿ

ಕುಕ್ಕರ್ ಕೂಗಿ ಕೂಗಿ ಸುಸ್ತಾದರೂ ಜಯದೇವಿ ಟಿವಿ ಮುಂದಿನಿಂದ ಏಳಲಿಲ್ಲ. ಪುಟ್ಟೇನಹಳ್ಳಿಯ ಆ ಮನೆಯಲ್ಲಿ ಈಚೆಗೆ ಧಾರಾವಾಹಿಗಳೆಲ್ಲ ಬಂದ್. ಪಕ್ಕದ ಮನೆಯ ಸುರಭಿ ಇವರ ಹಿತ್ತಿಲಿನ ಸಂಪಿಗೆ ಮರಕ್ಕೆ ಹಲಗೆಯ ಗೂಡೊಂದನ್ನು ಕಟ್ಟಿ, ಅದರೊಳಗೆ ಬೆರಳಷ್ಟು ಪುಟ್ಟ ಕ್ಯಾಮೆರಾ ಇಟ್ಟು, ಅದನ್ನು ಟಿವಿಗೆ ಜೋಡಿಸಿಕೊಟ್ಟು ಊರಿಗೆ ಹೋಗಿದ್ದಳು. ಅಲ್ಲಿ ಗುಬ್ಬಿ ಗಾತ್ರದ ಚೇಕಡಿ ಹಕ್ಕಿಗಳ ಜೋಡಿಯೊಂದು ಸಂಸಾರ ಹೂಡಿತ್ತು. ಮೊಟ್ಟೆ ಒಡೆದು ಮರಿಗಳು ಬಂದ ಮೇಲಂತೂ ಜಯದೇವಿಗೆ ಊಟ ತಿಂಡಿಯ ಪರಿವೆಯೇ ಇರಲಿಲ್ಲ.

"ಬಂದ್ಳು ಬಂದ್ಳು. ರೀ, ಹಸಿರು ಹುಳ ತಂದಿದ್ದಾಳೆ, ಬೇಗ ಬನ್ನಿ."

ಪತಿ ಚನ್ನಬಸವಯ್ಯ ಗಡ್ಡಕ್ಕೆ ಹಚ್ಚಿದ ನೊರೆಯ ಸಮೇತ ಓಡಿ ಬಂದರು. ಒಂದು ಹಕ್ಕಿ ಮರಿಗಳ ಮೇಲೆ ಗಟ್ಟಿಯಾಗಿ ಕೂತಿತ್ತು. ಹೊರಗಿನಿಂದ ಬಂದ ಇನ್ನೊಂದು, ಕೂತಿದ್ದ ಹಕ್ಕಿಗೂ ಉಣಿಸಿತು, ಅದರಡಿಯಿಂದ ಇಣುಕಿದ ಪುಟ್ಟ ಬಾಯಿಗಳಿಗೂ ತುರುಕಿತು. ಅಷ್ಟಕ್ಕೇ ಬಿಡದೆ, ಮರಿಯೊಂದು ಹಾಕಿದ ಬಿಳಿ ಹಿಕ್ಕೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಪುರ್ರನೆ ಹಾರಿಹೋಯಿತು.

"ನೋಡಿದ್ರಾ, ತಾಯಿ ಅಂದ್ರೆ ಇವಳು. ಹೊಟ್ಟೆಗೂ ಹಾಕ್ತಾಳೆ, ಹೊಲಸೂ ಬಾಚ್ತಾಳೆ. ಆ ಗಂಡು ನೋಡಿ, ಕೂತಲ್ಲೇ ತಿನ್ನುತ್ತೆ, ಸೋಮಾರಿ."

"ಅದಕ್ಕೆ ನನ್ನ ಮುಖ ಯಾಕೆ ನೋಡ್ತೀಯ?" ಎಂದರು ಚನ್ನಬಸವಯ್ಯ.

ಕುಕ್ಕರ್ ಆರಿಸಿ ಬಂದವಳು ಸೊಸೆ ಅಂಜನಾ. ಸೊಂಟದ ಮೇಲೆ ಆರು ತಿಂಗಳ ಧೃತಿ. ಬಿಳೇಕಹಳ್ಳಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅಂಜನಾಳದು ಬೆಳಗಿನ ಪಾಳಿ. ಹೆರಿಗೆ ರಜೆ ಮುಗಿದಿತ್ತು. ಸೋಮವಾರ ಹೋಗದಿದ್ದರೆ ಆ ಕೆಲಸ ಬೇರೆಯವರ ಪಾಲು.

"ಅತ್ತೆ, ಇವರು ಅಂಗಡಿ ತೆಗೆಯೋದು ಹತ್ತಕ್ಕೆ. ಅಲ್ಲಿವರೆಗೂ ಮಗೂನ ನೋಡ್ಕೊಳ್ತಾರೆ. ಆಮೇಲೆ ಕೆಲಸದ ತಿಮ್ಮಕ್ಕ ಬರ್ತಾರೆ."

"ಸೋಮು ನೋಡ್ಕೊಳ್ತಾನಾ? ಗಂಡಸು ಕಕ್ಕ ತೊಳೀತಾ ಕೂತ್ರೆ ನಾಲ್ಕು ಜನ ಏನಂತಾರೆ? ನನ್ನ ಮಂಡಿ ನೆಟ್ಟಗಿದ್ದಿದ್ರೆ ನಾನೇ ಮಾಡ್ತಿದ್ದೆ. ಇವನನ್ನ ಸಾಕಿದಾಗ ನನಗೆ ಯಾರೂ ಒಂದು ಬಟ್ಟೆ ಹಿಂಡಿಕೊಡ್ಲಿಲ್ಲಮ್ಮ. ಕೆಲಸ ಬಿಡು."

"ಓದಿದ್ದು ಬಿಡೋಕಲ್ಲ ಅತ್ತೆ. ನನಗೆ ಆ ಕೆಲಸ ಇಷ್ಟ."

"ಆ ತಾಯಿ ಹಕ್ಕೀನ ನೋಡಿ ಕಲಿ."

ಅಂಜನಾಳ ಕಣ್ಣು ತುಂಬಿತು. ಅವಳ ಗಂಡ ಸೋಮನಾಥ ಬಾಗಿಲಲ್ಲಿ ನಿಂತು ಕತ್ತು ತುರಿಸಿಕೊಂಡ. ಅವನೇನು ಕೆಟ್ಟವನಲ್ಲ. ಹಿಂದೊಮ್ಮೆ ಮಗುವಿನ ಬಟ್ಟೆ ಬದಲಿಸಲು ಹೋದಾಗ ಅಮ್ಮ ಕೈಯಿಂದ ಕಿತ್ತುಕೊಂಡಿದ್ದರು. ಅಂದಿನಿಂದ ಅದೇ ನೆಪವಾಗಿ, ಹಾಯಾಗಿದ್ದ.

ಭಾನುವಾರ ಸಂಜೆ ಸುರಭಿ ಊರಿನಿಂದ ಬಂದವಳು ಬ್ಯಾಗ್ ಇಳಿಸುವ ಮೊದಲೇ ಟಿವಿ ಮುಂದೆ ಕೂತಳು. ಎಲ್ಲರೂ ಸುತ್ತ ಸೇರಿದರು. ಹಾರಿಬಂದ ಹಕ್ಕಿ ಕಂಬಳಿಹುಳ ಕೊಟ್ಟು, ಹಿಕ್ಕೆ ಹೊತ್ತು ಹೊರಟಿತು. ಜಯದೇವಿ ಸಂಭ್ರಮದಿಂದ ವಿವರಣೆ ಶುರುಮಾಡಿದರು.

"ನೋಡಮ್ಮ, ಇವಳೇ ನಮ್ಮ ತಾಯಿ."

"ಅಲ್ಲ ಆಂಟಿ, ಅದು ಅಪ್ಪ," ಎಂದಳು ಸುರಭಿ. "ಎದೆ ಮೇಲಿನ ಕಪ್ಪು ಪಟ್ಟಿ ನೋಡಿ, ಎಷ್ಟು ಅಗಲ ಇದೆ. ಗಂಡಿಗೇ ಹಾಗಿರೋದು. ಒಳಗೆ ಕೂತಿರೋದು ತಾಯಿ. ಮರಿಗಳಿಗೆ ಇನ್ನೂ ಪುಕ್ಕ ಬಂದಿಲ್ಲ, ಕಾವು ಕೊಡ್ತಿದ್ದಾಳೆ."

"ಹಾಗಾದ್ರೆ ಹೊಲಸು ಬಾಚೋದು?"

"ಇಬ್ಬರೂ ಬಾಚ್ತಾರೆ. ಈಗ ಬಾಚಿದ್ದು ಅಪ್ಪ."

ಜಯದೇವಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಮತ್ತೆ ಬಂತು ಹಕ್ಕಿ. ಅಗಲ ಪಟ್ಟಿ, ಮತ್ತೊಂದು ಹುಳ, ಮತ್ತೊಂದು ಹಿಕ್ಕೆ. ಚನ್ನಬಸವಯ್ಯ ಹೊಟ್ಟೆ ಹಿಡಿದು ನಗತೊಡಗಿದರು. "ಬಾಣಂತಿಯನ್ನ ಸೋಮಾರಿ ಅಂತ ಬೈದ್ಯಲ್ಲೇ," ಎಂದರು. ಜಯದೇವಿ ನಗಲಿಲ್ಲ. ಅವರ ದೃಷ್ಟಿ ಸೊಸೆಯ ಕಡೆ ಹೊರಳಿತು. ತಾನೂ ಒಬ್ಬಳೇ ಒದ್ದಾಡಿದ ದಿನಗಳು ನೆನಪಾಗಿ ಅವರಿಗೆ ಅಳುವೇ ಬಂದಂತಾಯಿತು.

ಅಷ್ಟರಲ್ಲಿ ಧೃತಿ ಬಟ್ಟೆ ಕೊಳೆ ಮಾಡಿಕೊಂಡು ಕಿರುಚಿದಳು. ಅಭ್ಯಾಸಬಲದಿಂದ ಎದ್ದ ಅಂಜನಾಳ ಕೈಯನ್ನು ಜಯದೇವಿ ಹಿಡಿದುಕೊಂಡರು.

"ನೀನು ಕೂತ್ಕೊ. ಸೋಮು, ಬಾ ಇಲ್ಲಿ. ಬಿಸಿನೀರು ತಗೊ. ಮುಂದಿನಿಂದ ಹಿಂದಕ್ಕೆ ತೊಳೀಬೇಕು, ಉಲ್ಟಾ ಅಲ್ಲ."

ಸೋಮನಾಥನ ಅಂಗಿ ತೊಯ್ದು ತೊಪ್ಪೆಯಾಯಿತು. ಧೃತಿ ಅವನ ಮೂಗಿಗೆ ಒದ್ದಳು. ಚನ್ನಬಸವಯ್ಯ ಕೂಡ ಟಿವಿಗೆ ಬೆನ್ನು ಹಾಕಿ ನಿಂತು ಈ ಆಟವನ್ನೇ ನೋಡಿದರು. ಮೂರು ಬಟ್ಟೆ ಹಾಳುಮಾಡಿ ಕೊನೆಗೂ ಅವನು ಮಗುವನ್ನು ಒಣಗಿಸಿ ಎತ್ತಿಕೊಂಡಾಗ ಸುರಭಿ ಚಪ್ಪಾಳೆ ತಟ್ಟಿದಳು.

ಸೋಮವಾರ ಬೆಳಗಾಯಿತು. ಬ್ಯಾಗ್ ಹೆಗಲಿಗೇರಿಸಿ ಅಂಜನಾ ಗೇಟು ದಾಟುವಷ್ಟರಲ್ಲಿ ಒಳಗಿನಿಂದ ಧೃತಿಯ ಅಳು ಕೇಳಿಸಿತು. ಅವಳು ತಟ್ಟನೆ ತಿರುಗಿದಳು. ಗೇಟಿಗೆ ಅಡ್ಡವಾಗಿ ಜಯದೇವಿ ನಿಂತಿದ್ದರು. ಎದುರು ಮನೆಯ ಲತಾಮಣಿ ರಂಗೋಲಿ ಬಿಟ್ಟು ಇತ್ತಲೇ ನೋಡುತ್ತಿದ್ದರು.

ಜಯದೇವಿ ಆಕೆಗೂ ಕೇಳಿಸುವಂತೆ ಹೇಳಿದರು, "ಅವಳ ಅಪ್ಪ ಇದ್ದಾನೆ. ನೀನು ಹೊರಡು, ಬಸ್ಸು ತಪ್ಪುತ್ತೆ."