ಎದೆಯ ಮೇಲಿನ ಕೈ

ಕ್ರೇನ್ ಓಡಿಸುವವನಿಗೆ ಕಿವಿ ಇದ್ದೂ ಇಲ್ಲದ ಹಾಗೆ. ಹದಿನಾಲ್ಕು ಮಹಡಿ ಎತ್ತರದ ಆ ಗಾಜಿನ ಗೂಡಿನಲ್ಲಿ ಕೂತರೆ ಕೆಳಗಿನವರು ಗಂಟಲು ಹರಿದುಕೊಂಡರೂ ಕೇಳಿಸದು. ವಾಕಿಟಾಕಿ ಕೊಟ್ಟಿದ್ದರು, ಅದು ಗೊರಗೊರ ಎನ್ನುವುದೇ ಹೆಚ್ಚು. ನಂಬಬೇಕಾದ್ದು ಸಿಗ್ನಲ್‌ನವನ ಕೈಯನ್ನು. ಬೆರಳು ಮೇಲೆತ್ತಿ ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿ ಆಡಿಸಿದರೆ ಇಳಿಸು, ಮುಷ್ಟಿ ಹಿಡಿದರೆ ನಿಲ್ಲಿಸು. ಮುಷ್ಟಿ ಯಾರು ತೋರಿಸಿದರೂ ನಿಲ್ಲಿಸಲೇಬೇಕು, ಕಸ ಗುಡಿಸುವವಳು ತೋರಿಸಿದರೂ ಸರಿ.

ನಮ್ಮ ಡ್ರೈವರ್ ಪಾಲಿಗೆ ಕೆಳಗಿನ ಕೈ ಭಾವನದೇ, ಅಕ್ಕನ ಗಂಡನದು. ಈ ಕೆಲಸಕ್ಕೆ ಸೇರಿಸಿದವನೂ ಅವನೇ. ಮೊದಲ ದಿನ ಮೇಲೆ ಕೂತು ಲಿವರ್ ಮುಟ್ಟಲೂ ಹೆದರುತ್ತಿದ್ದಾಗ ಭಾವ ತಲೆಯೆತ್ತಿ, ಎದೆಯ ಮೇಲೆ ಅಂಗೈ ಇಟ್ಟು ತೋರಿಸಿದ್ದ. ನಾನಿದ್ದೀನಿ ಎಂದು. ಯಾವ ತರಬೇತಿಯಲ್ಲೂ ಇಲ್ಲದ ಸನ್ನೆ ಅದು, ಇವರಿಬ್ಬರದೇ. ಹನ್ನೊಂದು ವರ್ಷ ಅದೊಂದರ ಧೈರ್ಯದ ಮೇಲೆ ಅವನು ದಿನಾ ಏಣಿ ಹತ್ತಿದ.

ಆ ಮಂಗಳವಾರ ಭಾವನ ಎಡಗೈಯಲ್ಲಿ ಮೊಬೈಲಿತ್ತು, ಕಣ್ಣೂ ಅದರಲ್ಲೇ. ಬಲಗೈ ಮಾತ್ರ ಇಳಿಸು, ಇಳಿಸು ಎನ್ನುತ್ತಲೇ ಇತ್ತು. ಇವನು ಇಳಿಸಿದ. ಕಬ್ಬಿಣದ ತೊಲೆ ಹೋಗಿ ಒರಗಿಸಿಟ್ಟಿದ್ದ ಗಾಜುಗಳ ಮೇಲೆ ಕೂತಿತು. ಸದ್ಯ, ಯಾರ ಕೂದಲೂ ಕೊಂಕಲಿಲ್ಲ.

ಮರುದಿನ ಮ್ಯಾನೇಜರ್ ಕೋಣೆಯಲ್ಲಿ ವಿಚಾರಣೆ. ತಪ್ಪು ಡ್ರೈವರ್‌ದು ಎಂದಾದರೆ ಲೈಸೆನ್ಸೇ ಹೋಗುತ್ತದೆ, ಮತ್ತೆ ಯಾವ ಕ್ರೇನನ್ನೂ ಹತ್ತುವ ಹಾಗಿಲ್ಲ. ಏನಾಯಿತು ಹೇಳು ಎಂದು ಮೊದಲು ಇವನನ್ನೇ ಕೇಳಿದರು. ಇವನು ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಆಚೆ ನಿಂತಿದ್ದ ಭಾವ ಮೆಲ್ಲಗೆ ಎದೆಯ ಮೇಲೆ ಅಂಗೈ ಇಟ್ಟ. ಇವನಿಗೆ ಹೋದ ಜೀವ ಬಂದಂತಾಯಿತು. ಅವರೇ ಒಪ್ಪಿಕೊಳ್ಳುತ್ತಾರೆ, ನಾನೇಕೆ ಅಕ್ಕನ ಗಂಡನತ್ತ ಬೊಟ್ಟು ಮಾಡಲಿ ಎಂದುಕೊಂಡು, "ಭಾವನೇ ಹೇಳ್ತಾರೆ ಸಾರ್. ಅವರು ಹೇಳಿದ ಹಾಗೆ" ಎಂದುಬಿಟ್ಟ ಪುಣ್ಯಾತ್ಮ.

ಭಾವ ಹೇಳಿದ. "ನಾನು ಮುಷ್ಟಿ ತೋರಿಸಿದೆ ಸಾರ್. ಇವನೇ ನೋಡಲಿಲ್ಲ."

ಬಾಯಲ್ಲಿ ಆಡಿದ್ದಾದರೆ ಯಾರಾದರೂ ಕೇಳಿಸಿಕೊಂಡಿರುತ್ತಾರೆ. ಗಾಳಿಯಲ್ಲಿ ಆಡಿಸಿದ ಕೈಗೆ ಸಾಕ್ಷಿ ಎಲ್ಲಿಂದ ತರುವುದು? ಇವನು ಆಮೇಲೆ ಎಷ್ಟು ಬಡಕೊಂಡರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಹೇಳಿದ ಹಾಗೆ ಅಂತ ನೀನೇ ಅಂದೆಯಲ್ಲ ಎಂದು ಮ್ಯಾನೇಜರ್ ಫೈಲು ಮುಚ್ಚಿದರು.

ಸಂಜೆ ಭಾವನಿಂದ ಮೆಸೇಜು ಬಂತು. ಅದರಲ್ಲಿ ಒಂದಕ್ಷರವಿಲ್ಲ. ಕೈಮುಗಿದ ಎಮೋಜಿ ಮೂರು, ಕೊನೆಗೊಂದು ಕೆಂಪು ಹೃದಯ. ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದನೇನೋ, ಆ ಹೃದಯ ನೋಡಿ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷದ ನಂಬಿಕೆಗೆ ಇಷ್ಟೇನಾ ಎಂದು ಹೆಂಡತಿಯ ಮುಂದೆ ಅತ್ತ.

ವಾರದ ಬಳಿಕ ತನ್ನ ಊಟದ ಡಬ್ಬಿ, ಹಳೇ ಜಾಕೆಟ್ಟು ತೆಗೆದುಕೊಂಡು ಹೋಗಲು ಬಂದ. ಗೂಡಿನಲ್ಲಿ ಹೊಸ ಡ್ರೈವರ್, ಅವನಿಗದು ಮೊದಲ ದಿನ. ತೊಲೆಯೊಂದು ತಡವರಿಸುತ್ತಾ ಮೇಲೇರುತ್ತಿತ್ತು. ಕೆಳಗೆ ಭಾವ ತಲೆಯೆತ್ತಿ ಎದೆಯ ಮೇಲೆ ಅಂಗೈ ಇಟ್ಟ.

ಇವನಿಗೆ ತಡೆಯಲಾಗಲಿಲ್ಲ. ಡಬ್ಬಿ ನೆಲಕ್ಕಿಟ್ಟು, ಎಲ್ಲರ ನಡುವೆ ಹೋಗಿ ನಿಂತು, ತೋಳೆತ್ತಿ ಮುಷ್ಟಿ ಹಿಡಿದ. ತೊಲೆ ಗಾಳಿಯಲ್ಲೇ ಗಕ್ಕನೆ ನಿಂತಿತು. ಏನಾಯಿತೆಂದು ಮ್ಯಾನೇಜರೂ ಹೊರಗೆ ಬಂದರು.

"ನೋಡಿ ಭಾವ," ಎಂದ, ಕೈ ಇಳಿಸದೆ. "ತೋರಿಸಿದ್ರೆ ಕಾಣುತ್ತೆ. ಹೊಸಬನಿಗೂ ಕಾಣುತ್ತೆ."

ಭಾವನ ಅಂಗೈ ಇನ್ನೂ ಎದೆಯ ಮೇಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ.